ಓಟ್ಸ್ ಮತ್ತು ಬಾಳೆಹಣ್ಣಿನ ವಾಫಲ್ ಮಾಡುವ ವಿಧಾನ

ಮೈದಾ ಮತ್ತು ಸಕ್ಕರೆ ಎರಡನ್ನೂ ಬಿಟ್ಟು, ಓಟ್ಸ್ ಹಾಗೂ ಚೆನ್ನಾಗಿ ಕಳಿತ ಬಾಳೆಹಣ್ಣಿನಿಂದಲೇ ರುಚಿಯಾದ ವಾಫಲ್ ತಯಾರಿಸಬಹುದು. ಸಿಪ್ಪೆಯ ಮೇಲೆ ಕಪ್ಪು ಚುಕ್ಕೆಗಳು ಮೂಡಿದ ಹಣ್ಣನ್ನೇ ಆರಿಸಿಕೊಳ್ಳಿ, ಸಿಹಿಯೆಲ್ಲ ಅದರಿಂದಲೇ ಬರಬೇಕು.

ಒಂದೂವರೆ ಕಪ್ ಓಟ್ಸನ್ನು ಮಿಕ್ಸಿಯಲ್ಲಿ ನುಣ್ಣಗೆ ಪುಡಿ ಮಾಡಿ, ಒಂದೂವರೆ ಟೀ ಚಮಚ ಬೇಕಿಂಗ್ ಪೌಡರ್ ಮತ್ತು ಚಿಟಿಕೆ ಉಪ್ಪು ಬೆರೆಸಿ. ಬೇರೊಂದು ಪಾತ್ರೆಯಲ್ಲಿ 1 ಬಾಳೆಹಣ್ಣನ್ನು ಕಿವುಚಿ, 2 ಮೊಟ್ಟೆ, ಮುಕ್ಕಾಲು ಕಪ್ ಹಾಲು, 1 ದೊಡ್ಡ ಚಮಚ ಎಣ್ಣೆ ಸೇರಿಸಿ ಕಲಕಿದ ನಂತರ ಎರಡನ್ನೂ ಕೂಡಿಸಿ. ಈ ಹಿಟ್ಟನ್ನು 10 ನಿಮಿಷ ಹಾಗೆಯೇ ಬಿಡುವುದು ಅತಿ ಮುಖ್ಯ: ಓಟ್ಸ್ ನಿಧಾನವಾಗಿ ದ್ರವವನ್ನು ಹೀರಿಕೊಳ್ಳುವುದರಿಂದ, ಮೊದಲು ನೀರಾಗಿ ಕಂಡದ್ದು ತಾನೇ ಗಟ್ಟಿಯಾಗುತ್ತದೆ, ತೀರಾ ಗಟ್ಟಿಯಾದರೆ ಸ್ವಲ್ಪ ಹಾಲು ಸೇರಿಸಬಹುದು.

ವಾಫಲ್ ಮೇಕರ್ ಪೂರ್ತಿ ಕಾದ ಮೇಲೆ ಎಣ್ಣೆ ಸವರಿ ಹಿಟ್ಟು ಹೊಯ್ಯಿರಿ. ಅಂಚಿನಿಂದ ಹಬೆ ಬರುವುದು ಬಹುತೇಕ ನಿಲ್ಲುವವರೆಗೆ, ಅಂದರೆ ಸುಮಾರು 5 ನಿಮಿಷ, ಮುಚ್ಚಳ ತೆರೆಯಬೇಡಿ. ಆತುರಪಟ್ಟರೆ ವಾಫಲ್ ನಡುವೆ ಸೀಳುತ್ತದೆ. ಬೆಂದದ್ದನ್ನು ತಟ್ಟೆಯಲ್ಲಿ ಒಂದರ ಮೇಲೊಂದು ಪೇರಿಸಿದರೆ ಹಬೆಗೆ ಮೆತ್ತಗಾಗುವುದರಿಂದ, ತಂತಿಯ ಜಾಲರಿಯ ಮೇಲೆ ಬಿಡಿಬಿಡಿಯಾಗಿ ಇಡಿ. ಸ್ಟ್ರಾಬೆರಿಯಂತಹ ನೀರಿನಂಶ ಹೆಚ್ಚಿರುವ ಹಣ್ಣುಗಳನ್ನು ಹಿಟ್ಟಿಗೆ ಹಾಕದೆ, ಬಡಿಸುವಾಗ ಮೊಸರಿನೊಂದಿಗೆ ಮೇಲೆ ಹರಡಿ.