ಕಾಂಕ್ರೀಟ್ ನೆಲದಲ್ಲಿ ಶವರ್ ಡ್ರೈನ್ ಕೂರಿಸಿದ್ದು

ಕೆಳಗಿನ ಕೋಣೆಯ ಮೂಲೆಯಲ್ಲಿ ಒಂದು ಶವರ್ ಬೇಕಾಗಿತ್ತು. ನೆಲವೆಲ್ಲ ಕಾಂಕ್ರೀಟ್, ನೀರು ಹೋಗಲು ದಾರಿಯೇ ಇಲ್ಲ. ಇಂಥ ಕೆಲಸ ಅಂದರೆ ಎಲ್ಲರೂ ಹೆದರುವುದು ನೆಲ ಒಡೆಯುವುದಕ್ಕೆ. ಅದು ಬರೀ ಮೈಕೈ ನೋವಿನ ಕೆಲಸ. ತಲೆ ಓಡಿಸಬೇಕಾಗಿದ್ದು ಎತ್ತರದ ಲೆಕ್ಕದಲ್ಲಿ, ಆಮೇಲೆ ಡ್ರೈನ್ ಸುತ್ತಲಿನ ಅಂಗೈ ಅಗಲದ ಜಾಗದಲ್ಲಿ.

ಡ್ರೈನನ್ನು ನಡುವೆ ಇಡಲಿಲ್ಲ, ಗೋಡೆ ಪಕ್ಕಕ್ಕೆ ಇಟ್ಟೆ. ನಡುವೆ ಇಟ್ಟರೆ ನಾಲ್ಕೂ ಕಡೆಯಿಂದ ವಾಟ (ನೀರು ಹರಿಯಲು ಇಳಿಜಾರು) ಕೊಡಬೇಕು, ದೊಡ್ಡ ಟೈಲ್ಸನ್ನು ಮೂಲೆಯಿಂದ ಮೂಲೆಗೆ ಕತ್ತರಿಸಬೇಕು. ಗೋಡೆ ಉದ್ದಕ್ಕೂ ಇರುವ ಉದ್ದನೆಯ ಜಾಲಿಯಾದರೆ ಒಂದೇ ಕಡೆಗೆ ವಾಟ ಸಾಕು.

ಎತ್ತರವನ್ನು ಟೈಲ್ಸ್ ಮೇಲಿಂದ ಕೆಳಕ್ಕೆ ಎಣಿಸಿಕೊಂಡು ಬಂದೆ. ಮೀಟರಿಗೆ 20 ಮಿ.ಮೀ. ವಾಟ ಅಂತ ಇಟ್ಟುಕೊಂಡರೆ, ಜಾಲಿಯಿಂದ ಎದುರು ಗೋಡೆಗೆ 90 ಸೆಂ.ಮೀ. ದೂರ ಇದ್ದಾಗ 18 ಮಿ.ಮೀ. ಏರಬೇಕು. ಟೈಲ್ 8 ಮಿ.ಮೀ., ಅಂಟು 4 ಮಿ.ಮೀ., ಅದರ ಕೆಳಗೆ ವಾಟದ ಗಾರೆ. ಜಾಲಿ ಹತ್ತಿರ ಈ ಗಾರೆ 25 ಮಿ.ಮೀ. ಇರಲಿ ಅಂದುಕೊಂಡೆ, ತೀರಾ ತೆಳುವಾದರೆ ಬಿರುಕು ಬಿಡುತ್ತದೆ. ಹಾಗಾಗಿ ಡ್ರೈನಿನ ಅಂಚುಪಟ್ಟಿ (ಬಾಯಿ ಸುತ್ತಲಿನ ಚಪ್ಪಟೆ ಅಂಚು) ಹಳೆಯ ನೆಲಕ್ಕಿಂತ 25 ಮಿ.ಮೀ. ಮೇಲೆ ಬರಬೇಕು, ಎದುರು ಗೋಡೆ ಬಳಿ ಗಾರೆ 43 ಮಿ.ಮೀ. ಈ ಗೆರೆಗಳನ್ನೆಲ್ಲ ರಸಮಟ್ಟ ಹಿಡಿದು ಗೋಡೆ ಮೇಲೆ ಪೆನ್ಸಿಲಿನಲ್ಲಿ ಎಳೆದುಕೊಂಡ ಮೇಲೇ ನೆಲಕ್ಕೆ ಕೈ ಹಾಕಿದ್ದು.

ಕತ್ತರಿಸುವಾಗ ಗ್ರೈಂಡರಿಗೆ ಡೈಮಂಡ್ ಬ್ಲೇಡ್ ಹಾಕಿ ಎರಡು ಗೆರೆ ಕೊಯ್ದೆ, ನಡುವಿನದನ್ನು ಬ್ರೇಕರಿನಲ್ಲಿ ಒಡೆದೆ. ಕೋಣೆಯೊಳಗೆ ಇದರ ಧೂಳು ವಿಪರೀತ. ಬಾಯಿಗೆ ಸುಮ್ನೆ ಬಟ್ಟೆ ಕಟ್ಟಿಕೊಂಡರೆ ಸಾಲದು, ಸರಿಯಾದ ಮಾಸ್ಕೇ ಬೇಕು. ನನ್ನದು ಮಣ್ಣಿನ ಮೇಲೆ ಕೂತ ನೆಲ, ಹಾಗಾಗಿ ಧೈರ್ಯ ಮಾಡಿದೆ. ಮಹಡಿಯ ಸ್ಲ್ಯಾಬ್ ಆಗಿದ್ದರೆ ಎಂಜಿನಿಯರಿಗೆ ತೋರಿಸದೆ ಒಂದು ಕಂಬಿಯನ್ನೂ ಮುಟ್ಟುತ್ತಿರಲಿಲ್ಲ.

ಪೈಪ್ 75 ಮಿ.ಮೀ.ನದು, ಅದಕ್ಕೂ ಮೀಟರಿಗೆ 20 ಮಿ.ಮೀ. ಇಳಿಜಾರು. ಅಡಿಯಲ್ಲಿ ಮರಳು ಹಾಸಿ ಗಟ್ಟಿಯಾಗಿ ಕೂರಿಸಿದೆ. ಟ್ರ್ಯಾಪಿನಲ್ಲಿ, ಅಂದರೆ ಡ್ರೈನಿನ ಅಡಿಯಲ್ಲಿ ಸದಾ ನೀರು ಉಳಿಯುವ ಭಾಗದಲ್ಲಿ, 50 ಮಿ.ಮೀ. ನೀರು ನಿಲ್ಲುವಂಥದ್ದೇ ತಂದಿದ್ದೆ. ವಾಸನೆ ತಡೆಯುವುದು ಆ ನೀರೇ, ಜಾಲಿ ಅಲ್ಲ. ಮುಚ್ಚುವ ಮೊದಲು ಪೈಪಿನ ಆ ಕಡೆ ಬಾಯಿ ಬಿಗಿದು ಮೇಲಿನವರೆಗೆ ನೀರು ತುಂಬಿ ಬಿಟ್ಟೆ. ಮಟ್ಟ ಇಳಿಯಲಿಲ್ಲ. ಆಮೇಲೆ ಡ್ರೈನ್ ಬಾಯಿಗೆ ಬಟ್ಟೆ ತುರುಕಿ ಟೇಪ್ ಸುತ್ತಿದೆ, ಗಾರೆ ಒಳಗೆ ಬಿದ್ದರೆ ತೆಗೆಯೋದು ಕಷ್ಟ.

ಇನ್ನು ಆ ಅಂಗೈ ಅಗಲದ ಜಾಗ. ಪಿವಿಸಿ ನುಣುಪು, ಸಿಮೆಂಟ್ ಅದನ್ನು ಹಿಡಿಯುವುದೇ ಇಲ್ಲ. ಒಣಗಿದಾಗ ಕೂದಲೆಳೆಯಷ್ಟು ಸಂದು ಬಿಡುತ್ತದೆ, ಸೋರಿಕೆ ಶುರುವಾಗುವುದು ಅಲ್ಲಿಂದಲೇ. ಅದಕ್ಕೆ ಡ್ರೈನಿನ ಹೊರಮೈಯನ್ನು ಸ್ಯಾಂಡ್‌ಪೇಪರಿನಲ್ಲಿ ಚೆನ್ನಾಗಿ ಉಜ್ಜಿ, ಪೈಪಿಗೆ ಹಚ್ಚುವ ಸಾಲ್ವೆಂಟ್ ಸಿಮೆಂಟನ್ನೇ ಬಳಿದು, ಅದು ಹಸಿ ಇದ್ದಾಗಲೇ ಒಣ ದಪ್ಪ ಮರಳು ಎರಚಿದೆ. ಮರುದಿನ ಮುಟ್ಟಿ ನೋಡಿದರೆ ಒರಟು ಗೋಡೆಯ ಹಾಗೆ ತರಿತರಿ. ಈಗ ಸಿಮೆಂಟಿಗೆ ಹಿಡಿತ ಸಿಕ್ಕಿತು, ಅಲ್ವಾ?

ಗುಂಡಿಯ ಬದಿಗಳನ್ನು ಬ್ರಷ್ಷಿನಲ್ಲಿ ತಿಕ್ಕಿ ತೊಳೆದು, ನೀರು ನಿಲ್ಲದಂತೆ ಒದ್ದೆ ಮಾಡಿ, ಬಾಂಡಿಂಗ್ ದ್ರವ ಸೇರಿಸಿದ ಸಿಮೆಂಟ್ ಹಾಲು ಬಳಿದೆ. ಅದು ಒಣಗುವ ಮೊದಲೇ ಸಣ್ಣ ಜಲ್ಲಿ ಕಾಂಕ್ರೀಟ್ ಹಾಕಿ ಕಂಬಿಯಿಂದ ಚುಚ್ಚಿ ಚುಚ್ಚಿ ಕೂರಿಸಿದೆ. ಡ್ರೈನ್ ಕುತ್ತಿಗೆ ಸುತ್ತ ಮಾತ್ರ ಕುಗ್ಗದ ಗ್ರೌಟ್. ಕಾಂಕ್ರೀಟ್ ತುಂಬುವಾಗ ಡ್ರೈನ್ ಮೇಲಕ್ಕೆ ಏಳಲು ನೋಡುತ್ತದೆ, ಹಾಗಾಗಿ ರಸಮಟ್ಟ ಅದರ ಮೇಲೇ ಇಟ್ಟುಕೊಂಡು ಕೆಲಸ ಮಾಡಿದೆ.

ವಾಟರ್‌ಪ್ರೂಫಿಂಗನ್ನು ಹಳೆಯ ನೆಲಕ್ಕೇ ಬಳಿದು ಆಮೇಲೆ ವಾಟದ ಗಾರೆ ಹಾಕುವವರು ಜಾಸ್ತಿ. ನನಗೆ ಅದು ಒಪ್ಪಿಗೆಯಿಲ್ಲ. ಟೈಲ್ಸ್ ಸಂದಿನಿಂದ ಸ್ವಲ್ಪ ನೀರು ಇಳಿದೇ ಇಳಿಯುತ್ತದೆ. ಕೆಳಗಿನ ಪದರ ಸಮತಟ್ಟಾಗಿದ್ದರೆ ಆ ನೀರು ಗಾರೆಯಲ್ಲೇ ನಿಂತು ವಾಸನೆ ಬರುತ್ತದೆ. ನಾನು ಮೊದಲು ವಾಟ ಮಾಡಿ, ಅದು ಗಟ್ಟಿಯಾದ ಮೇಲೆ ಕೋಟಿಂಗ್ ಬಳಿದೆ. ಮೂಲೆಗಳಿಗೂ ಡ್ರೈನಿನ ಸುತ್ತಲೂ ಬಲೆಬಟ್ಟೆ ಒತ್ತಿ, ಎರಡು ಕೋಟ್, ಒಂದು ಉದ್ದಕ್ಕೆ, ಇನ್ನೊಂದು ಅಡ್ಡಕ್ಕೆ. ಅಂಚುಪಟ್ಟಿಯ ಮೇಲೆ ಹಾಯಿಸಿ ಡ್ರೈನ್ ಬಾಯಿಯ ಒಳಗಿನವರೆಗೂ ಇಳಿಸಿದೆ. ಗೋಡೆಗೂ, ಶವರ್ ನೀರು ಹೊರಗೆ ಹರಿಯದಂತೆ ಅಂಚಿನಲ್ಲಿರುವ ಕಟ್ಟೆಗೂ ಹತ್ತಿಸಿದೆ.

ಕೋಟಿಂಗ್ ಪೂರ್ತಿ ಒಣಗಿದ ಮೇಲೆ ಡ್ರೈನ್ ಬಾಯಿ ಮುಚ್ಚಿ ಕಟ್ಟೆಯೊಳಗೆ ನೀರು ನಿಲ್ಲಿಸಿ, ಮಟ್ಟಕ್ಕೆ ಗೆರೆ ಎಳೆದು 24 ಗಂಟೆ ಬಿಟ್ಟೆ. ಗೆರೆ ಹಾಗೇ ಇತ್ತು, ಕಟ್ಟೆಯ ಹೊರಗೆ ತೇವವೂ ಕಾಣಲಿಲ್ಲ. ಟೈಲ್ಸ್ ಹಾಕುವ ಕೆಲಸದಲ್ಲಿ ಹೇಳುವಂಥದ್ದು ಹೆಚ್ಚೇನಿಲ್ಲ. ಜಾಲಿಯನ್ನು ಟೈಲಿಗಿಂತ 2 ಮಿ.ಮೀ. ಕೆಳಗೆ ಕೂರಿಸಿದೆ, ಸಿಮೆಂಟ್ ಹಾಕಿ ಬಿಗಿಯಲಿಲ್ಲ. ಕೂದಲು ತೆಗೆಯಲು ಅದು ಎತ್ತಿದರೆ ಬರಬೇಕು. ಈ ಶವರ್ ದಿನಾ ಬಳಸುವುದಿಲ್ಲವಾದ್ದರಿಂದ ಟ್ರ್ಯಾಪಿನ ನೀರು ಆರಿಹೋಗದಂತೆ ಆಗಾಗ ಒಂದು ಚೊಂಬು ನೀರು ಹಾಕುತ್ತೇನೆ.