ಅತಿವಾಹಕದ ಮೇಲೆ ಕಾಂತಕ್ಷೇತ್ರದ ಪ್ರಭಾವವನ್ನು ಕಾಲೇಜಿನಲ್ಲೇ ಅಳೆಯುವ ಬಗೆ

ದಾವಣಗೆರೆ ಸುತ್ತಲಿನ ಹಳ್ಳಿಗಳಲ್ಲಿ ಹಸುಗಳ ಕೃತಕ ಗರ್ಭಧಾರಣೆಗೆ ವೀರ್ಯದ ಕಡ್ಡಿಗಳನ್ನು ಕಾಯ್ದಿಡುವ ಕ್ಯಾನಿನಲ್ಲಿರುವುದು ದ್ರವ ಸಾರಜನಕ. ಅದರ ಉಷ್ಣತೆ 77 ಕೆಲ್ವಿನ್. ತಂಪಾದಾಗ ವಿದ್ಯುತ್ತಿಗೆ ಒಡ್ಡುವ ರೋಧ ಪೂರ್ತಿ ಮಾಯವಾಗುವ ವಸ್ತುವೇ ಅತಿವಾಹಕ. 1911ರಲ್ಲಿ ನೆದರ್ಲೆಂಡ್ಸಿನ ಲೈಡನ್ನಿನಲ್ಲಿ ಭೌತವಿಜ್ಞಾನಿ ಕಾಮರ್ಲಿಂಗ್ ಆನ್ಸ್ ಪಾದರಸದ ರೋಧ ಮಾಯವಾದುದನ್ನು ಕಂಡಾಗ ಇದಕ್ಕಿಂತ ಬಹಳ ತಂಪಾದ ದ್ರವ ಹೀಲಿಯಂ ಬೇಕಾಗಿತ್ತು. 1987ರಲ್ಲಿ ದೊರೆತ ಇಟ್ರಿಯಂ-ಬೇರಿಯಂ-ತಾಮ್ರದ ಆಕ್ಸೈಡ್ ಸುಮಾರು 93 ಕೆಲ್ವಿನ್‌ನಲ್ಲೇ ಅತಿವಾಹಕವಾಗುವುದರಿಂದ ಅತಿವಾಹಕದ ಮೇಲೆ ಕಾಂತಕ್ಷೇತ್ರದ ಪ್ರಭಾವವನ್ನು ಅಳೆಯುವ ಕೆಲಸಕ್ಕೆ ನಮ್ಮ ಎಂ.ಎಸ್ಸಿ. ವಿದ್ಯಾರ್ಥಿಗಳೂ ಕೈಹಾಕಬಹುದು.

ಎಲ್ಲಕ್ಕಿಂತ ಹೆಚ್ಚಿನ ತಾಳ್ಮೆ ಬೇಕಾದುದು ಸಂಪರ್ಕ ಕೂರಿಸುವಲ್ಲಿ. ಈ ಆಕ್ಸೈಡಿನ ಬಿಲ್ಲೆಯಿಂದ ಕಡ್ಡಿಯಂತೆ ಕತ್ತರಿಸಿದ ತುಂಡಿನ ಮೇಲೆ ಸಿಲ್ವರ್ ಪೇಸ್ಟ್‌ನಿಂದ ನಾಲ್ಕು ತೆಳು ತಾಮ್ರದ ತಂತಿಗಳನ್ನು ಸಾಲಾಗಿ ಅಂಟಿಸಿ, ಹೊರಗಿನ ಎರಡರಲ್ಲಿ 10 ಮಿಲಿಆಂಪಿಯರ್ ಹರಿಸಿ, ಒಳಗಿನ ಎರಡರ ನಡುವೆ ವೋಲ್ಟೇಜ್ ಓದಬೇಕು; ಎರಡೇ ತಂತಿಗಳಿಂದ ಅಳೆದರೆ ತಂತಿಯ ಮತ್ತು ಪೇಸ್ಟಿನ ರೋಧವೂ ಸೇರಿ ಸೊನ್ನೆ ಎಂದಿಗೂ ಕಾಣುವುದಿಲ್ಲ. ಪೇಸ್ಟ್ ಪೂರ್ತಿ ಒಣಗುವ ಮೊದಲು ತಂಪು ಮಾಡಿದರೆ ತಂತಿ ಕಳಚಿಕೊಳ್ಳುತ್ತದೆ. ಒಳಗಿನ ತಂತಿಯೊಂದು ಕಳಚಿದಾಗಲೂ ಮೀಟರು ಸೊನ್ನೆಯ ಸುತ್ತ ಅಲೆದಾಡುವುದುಂಟು, ಅದನ್ನೇ ಅತಿವಾಹಕತೆಯೆಂದು ಬರೆದುಕೊಂಡು ನಾನೇ ಒಂದು ಇಡೀ ದಿನ ಕಳೆದುಕೊಂಡಿದ್ದೇನೆ.

ತುಂಡನ್ನೂ, ರೋಧದಿಂದ ಉಷ್ಣತೆ ತಿಳಿಸುವ ಪಿಟಿ-100 ಎಂಬ ಪ್ಲಾಟಿನಂ ಸಂವೇದಕವನ್ನೂ ಒಂದೇ ತಾಮ್ರದ ತಟ್ಟೆಯ ಮೇಲೆ, ತಟ್ಟೆಗೂ ಅವಕ್ಕೂ ನಡುವೆ ತೆಳು ಕಾಗದವಿಟ್ಟು, ಅಕ್ಕಪಕ್ಕ ಅಂಟಿಸಿ, ಮೊದಲು ದ್ರವದ ಮೇಲಿನ ಆವಿಯಲ್ಲಿ ತೂಗುಬಿಟ್ಟು ನಿಧಾನವಾಗಿ ಇಳಿಸಿರಿ. ಸಂವೇದಕ ಸುಮಾರು 20 ಓಮ್ ತೋರಿಸಿದರೆ ತಟ್ಟೆ 77 ಕೆಲ್ವಿನ್ ಮುಟ್ಟಿದೆ ಎಂದರ್ಥ. ದ್ರವ ಆರುತ್ತಾ ತಟ್ಟೆ ತಾನಾಗಿ ಬಿಸಿಯೇರುವಾಗಿನ ಅಂಕಿಗಳೇ ಹೆಚ್ಚು ನಂಬಲರ್ಹ. ಪ್ರತಿ ಓದಿನಲ್ಲೂ ವಿದ್ಯುತ್ತಿನ ದಿಕ್ಕನ್ನು ತಿರುಗಿಸಿ ಎರಡು ವೋಲ್ಟೇಜುಗಳ ವ್ಯತ್ಯಾಸದ ಅರ್ಧವನ್ನು ತೆಗೆದುಕೊಳ್ಳಿರಿ, ಏಕೆಂದರೆ ತಂತಿಗಳ ಉಷ್ಣತೆಯ ಏರುಪೇರಿನಿಂದ ಹುಟ್ಟುವ ಮೈಕ್ರೋವೋಲ್ಟ್‌ಗಳು ದಿಕ್ಕು ಬದಲಿಸುವುದಿಲ್ಲ. ಒಂದು ಲೀಟರ್ ದ್ರವ ಸುಮಾರು 690 ಲೀಟರ್ ಅನಿಲವಾಗುತ್ತದೆ. ಕಿಟಕಿಗಳು ತೆರೆದಿರಲಿ, ಪಾತ್ರೆಯ ಬಾಯನ್ನು ಎಂದೂ ಬಿಗಿಯಬೇಡಿರಿ.

ಈಗ ಹಾಲ್ ಪರಿಣಾಮದ ಪ್ರಯೋಗಕ್ಕೆಂದು ಇಟ್ಟಿರುವ ವಿದ್ಯುತ್ಕಾಂತದ ಧ್ರುವಗಳ ನಡುವೆ ಸಣ್ಣ ಥರ್ಮಕೋಲ್ ಬಟ್ಟಲನ್ನಿರಿಸಿ ಇದೇ ಅಳತೆಯನ್ನು ಮತ್ತೆ ಮಾಡಿರಿ. ರೋಧ ಕುಸಿಯತೊಡಗುವ ಉಷ್ಣತೆ ಹೆಚ್ಚುಕಡಿಮೆ ಅಲ್ಲೇ ಇರುತ್ತದೆ, ಆದರೆ ಸೊನ್ನೆ ಮುಟ್ಟುವ ಬಿಂದು ಇನ್ನೂ ಕಡಿಮೆ ಉಷ್ಣತೆಗೆ ಜಾರಿ, ಉಷ್ಣತೆಯೊಂದಿಗೆ ರೋಧ ಬದಲಾಗುವುದನ್ನು ತೋರಿಸುವ ರೇಖೆಗೆ ಬಾಲವೊಂದು ಬೆಳೆಯುತ್ತದೆ. ಮಂಡಕ್ಕಿ ಉಂಡೆಯಲ್ಲಿ ಕಾಳುಗಳನ್ನು ಬೆಲ್ಲದ ಪಾಕ ಹಿಡಿದಿಟ್ಟಂತೆ ಬಿಲ್ಲೆಯ ಕಣಗಳನ್ನು ದುರ್ಬಲ ಬೆಸುಗೆಗಳು ಹಿಡಿದಿರುತ್ತವೆ, ಕಾಂತಕ್ಷೇತ್ರ ಮೊದಲು ಸಡಿಲಿಸುವುದು ಆ ಬೆಸುಗೆಗಳನ್ನು. ಕ್ಷೇತ್ರ ಹಾಕಿದಾಗ ಬಾಲ ಬೆಳೆದು, ತೆಗೆದಾಗ ಕುಗ್ಗಿದರೆ, ನೀವು ಕಂಡ ಸೊನ್ನೆ ನಿಜವಾದ ಸೊನ್ನೆ.

ಕಣಗಳ ಒಳಗಿನ ಅತಿವಾಹಕತೆಯನ್ನೇ ಅಡಗಿಸಲು ಇಷ್ಟು ಕ್ಷೇತ್ರ ಏನೇನೂ ಸಾಲದು. 2007ರಲ್ಲಿ ಇದೇ ಕುಟುಂಬದ ಹರಳಿನಲ್ಲಿ ಕ್ವಾಂಟಂ ಆಂದೋಲನಗಳು, ಅಂದರೆ ಕ್ಷೇತ್ರ ಏರಿದಂತೆ ರೋಧದಲ್ಲಿ ಕಾಣುವ ಏರಿಳಿತಗಳು, ಕಂಡದ್ದು ಫ್ರಾನ್ಸಿನ ಟುಲೂಸ್‌ನಲ್ಲಿ, ಕ್ಷಣಮಾತ್ರ ಉಳಿಯುವ 62 ಟೆಸ್ಲಾವರೆಗಿನ (ಟೆಸ್ಲಾ ಕಾಂತಕ್ಷೇತ್ರದ ಅಳತೆಯ ಮಾನ) ಕ್ಷೇತ್ರದಲ್ಲಿ. ನಮ್ಮ ವಿಶ್ವವಿದ್ಯಾಲಯಗಳ ಸಂಶೋಧಕರಿಗೆ ಇಂದೋರಿನ ಯುಜಿಸಿ-ಡಿಎಇ (ವಿಶ್ವವಿದ್ಯಾಲಯ ಅನುದಾನ ಆಯೋಗ ಮತ್ತು ಪರಮಾಣು ಶಕ್ತಿ ಇಲಾಖೆ) ಸಂಶೋಧನಾ ಕೇಂದ್ರದ ಅತಿಶೀತ, ಅಧಿಕ ಕಾಂತಕ್ಷೇತ್ರದ ಉಪಕರಣಗಳಿವೆ. ಅಲ್ಲಿಗೆ ಕಳುಹಿಸುವ ಪ್ರಸ್ತಾವದೊಂದಿಗೆ ಕ್ಷೇತ್ರವಿಲ್ಲದೆ ಮತ್ತು ಕ್ಷೇತ್ರದಲ್ಲಿ ಪಡೆದ ಈ ಎರಡು ರೇಖೆಗಳನ್ನು ಲಗತ್ತಿಸಿರಿ. ತುಂಡಿನ ಮೇಲೆ ಕಟ್ಟಿದ ಹಿಮದ ನೀರನ್ನು ಅಂದೇ ಒರೆಸಿ ಒಣಗಿಸಿ ಸಿಲಿಕಾ ಜೆಲ್ ಜೊತೆ ಮುಚ್ಚಿಡಿರಿ, ತೇವ ಈ ವಸ್ತುವನ್ನು ಕೆಡಿಸುತ್ತದೆ.