ಟ್ಯಾಂಕಿನ ಬಾಯಲ್ಲೇ ಬರೆಯುವ ಪರ್ಮಿಟ್: ನನ್ನ ಅನುಭವ

ರಾಸಾಯನಿಕ ಕಾರ್ಖಾನೆಯಲ್ಲಿ ಸುರಕ್ಷತಾ ಅಧಿಕಾರಿಯಾಗಿರುವ ನಾನು ಎಲ್ಲಕ್ಕಿಂತ ಹೆಚ್ಚು ಎಚ್ಚರದಿಂದ ಮಾಡುವ ಕೆಲಸವೆಂದರೆ ಟ್ಯಾಂಕು, ರಿಯಾಕ್ಟರು, ಗುಂಡಿಗಳೊಳಗೆ ಜನರನ್ನು ಇಳಿಸುವುದು. ಬೆಂಕಿಗೂ ಸ್ಫೋಟಕ್ಕೂ ಎಲ್ಲರೂ ಹೆದರುತ್ತಾರೆ. ಖಾಲಿ ಮಾಡಿ, ತೊಳೆದು, ಮುಚ್ಚಳ ತೆಗೆದಿಟ್ಟ ಟ್ಯಾಂಕಿಗೆ ಮಾತ್ರ ಯಾರೂ ಹೆದರುವುದಿಲ್ಲ. 2022ರ ಏಪ್ರಿಲ್‌ನಲ್ಲಿ ಮಂಗಳೂರಿನ ಬಜ್ಪೆ ಬಳಿಯ ಮೀನು ಸಂಸ್ಕರಣಾ ಘಟಕವೊಂದರ ತ್ಯಾಜ್ಯದ ಟ್ಯಾಂಕಿನಲ್ಲಿ ಪಶ್ಚಿಮ ಬಂಗಾಳದಿಂದ ದುಡಿಯಲು ಬಂದಿದ್ದ ಐವರು ಪ್ರಾಣ ಕಳೆದುಕೊಂಡರು. ಮೊದಲು ಬಿದ್ದವನನ್ನು ಎತ್ತಲು ಹೋದವರೂ ಆ ಐವರಲ್ಲಿ ಸೇರಿದ್ದರು.

ಈ ವಿಷಯದಲ್ಲಿ ನನಗೆ ದಾರಿ ತೋರಿಸಿದ್ದು 1948ರ ಕಾರ್ಖಾನೆಗಳ ಕಾಯ್ದೆಯ 36ನೇ ಕಲಂ. 2025ರ ನವೆಂಬರ್‌ನಲ್ಲಿ ಹೊಸ ಕಾರ್ಮಿಕ ಸಂಹಿತೆ ಜಾರಿಗೆ ಬಂದು ಆ ಕಾಯ್ದೆ ರದ್ದಾಯಿತು. ಅಪಾಯಕಾರಿ ಅನಿಲ, ಆವಿ ಅಥವಾ ಧೂಳು ಇರಬಹುದಾದ ಟ್ಯಾಂಕು, ಗುಂಡಿ, ಕೊಳವೆಗಳಿಗೆ ಯಾರನ್ನೂ ಇಳಿಸುವ ಮೊದಲು, ಒಳಗಿನ ಗಾಳಿ ಸುರಕ್ಷಿತವಾಗಿದೆ ಎಂದು ಸಮರ್ಥ ವ್ಯಕ್ತಿಯೊಬ್ಬರು ಲಿಖಿತ ಪ್ರಮಾಣಪತ್ರ ಕೊಡಬೇಕಿತ್ತು. ಇಲ್ಲವಾದರೆ ಇಳಿಯುವವನು ಉಸಿರಾಟದ ಉಪಕರಣ ಧರಿಸಿರಬೇಕಿತ್ತು, ಅವನ ಬೆಲ್ಟಿಗೆ ಕಟ್ಟಿದ ಹಗ್ಗದ ಇನ್ನೊಂದು ತುದಿ ಹೊರಗಿರುವವನ ಕೈಯಲ್ಲಿರಬೇಕಿತ್ತು. ಆ ಪ್ರಮಾಣಪತ್ರಕ್ಕೆ ಕಲಂ ಇಟ್ಟಿದ್ದ ಷರತ್ತನ್ನು ಬಹಳ ಮಂದಿ ಗಮನಿಸುತ್ತಿರಲಿಲ್ಲ: ಸಹಿ ಮಾಡುವವನು ತಾನೇ ನಡೆಸಿದ ಪರೀಕ್ಷೆಯ ಮೇಲೆ ಅದನ್ನು ಕೊಡಬೇಕಿತ್ತು. ಕಂಟ್ರೋಲ್ ರೂಮಿನಲ್ಲಿ ಕುಳಿತು, ಫೋನಿನಲ್ಲಿ ‘ಎಲ್ಲ ಝೀರೋ ಇದೆ ಸರ್’ ಎಂದು ಕೇಳಿಸಿಕೊಂಡು ಪರ್ಮಿಟ್, ಅಂದರೆ ಒಳಗಿಳಿಯುವ ಲಿಖಿತ ಅನುಮತಿ, ಬರೆಯುವುದನ್ನು ಆ ಕಾನೂನು ಒಪ್ಪುತ್ತಲೇ ಇರಲಿಲ್ಲ. ಆದ್ದರಿಂದ ನಮ್ಮಲ್ಲಿ ಪರ್ಮಿಟ್ ಪುಸ್ತಕ ಟ್ಯಾಂಕಿನ ಬಾಯಿಯಾದ ಮ್ಯಾನ್‌ಹೋಲಿನ ಬಳಿಗೇ ಬರುತ್ತದೆ, ಅನಿಲ ಅಳೆಯುವ ಮೀಟರು ಹಿಡಿದವನೇ ಅಲ್ಲಿ ನಿಂತು ಬರೆದು ಸಹಿ ಹಾಕುತ್ತಾನೆ. ನಾನು ಊರಲ್ಲಿಲ್ಲದ ದಿನವೂ ಈ ಕ್ರಮ ಬದಲಾಗಬಾರದೆಂದು ಅದನ್ನು ಕಾರ್ಖಾನೆಯ ಲಿಖಿತ ಕಾರ್ಯವಿಧಾನದಲ್ಲೇ ಸೇರಿಸಿದೆ.

ಅಳತೆಗೆ ಮೊದಲು ಟ್ಯಾಂಕನ್ನು ಉಳಿದ ಪ್ಲಾಂಟಿನಿಂದ ಬೇರ್ಪಡಿಸಬೇಕು. ವಾಲ್ವ್ ಮುಚ್ಚಿದರೆ ಸಾಕೆಂಬ ವಾದವನ್ನು ನಾನು ಒಪ್ಪುವುದಿಲ್ಲ, ಏಕೆಂದರೆ ಮುಚ್ಚಿದ ವಾಲ್ವ್ ಸೋರುವುದನ್ನು ಕಾಣದ ಫಿಟ್ಟರ್ ಯಾರೂ ಇಲ್ಲ. ಟ್ಯಾಂಕಿಗೆ ಬರುವ ಪ್ರತಿಯೊಂದು ಲೈನಿನ ಫ್ಲ್ಯಾಂಜಿನಲ್ಲೂ (ಕೊಳವೆಯ ಜೋಡಣೆಯಲ್ಲಿ) ದಾರಿಯನ್ನು ಪೂರ್ತಿ ಮುಚ್ಚುವ ಬ್ಲೈಂಡ್ ಪ್ಲೇಟ್ ಹಾಕಿಸುತ್ತೇನೆ. ಅದರಲ್ಲೂ ನೈಟ್ರೋಜನ್ ಲೈನನ್ನು ಬಿಚ್ಚಿಸಿಯೇ ಇಡುತ್ತೇನೆ. ನೈಟ್ರೋಜನ್ನಿಗೆ ಬಣ್ಣವಿಲ್ಲ, ವಾಸನೆಯಿಲ್ಲ, ಅದು ಗಂಟಲನ್ನೂ ಕೆರೆಯುವುದಿಲ್ಲ. ಆಮ್ಲಜನಕವನ್ನು ಹೊರದೂಡಿದ ಜಾಗದಲ್ಲಿ ಒಂದೆರಡು ಉಸಿರು ಎಳೆದವನಿಗೆ ಏಣಿ ಹತ್ತಿ ಹಿಂದಿರುಗುವಷ್ಟು ಪ್ರಜ್ಞೆಯೂ ಉಳಿಯದೆ ಹೋಗಬಹುದು. ಕಲಕುವ ಮೋಟಾರಿನ ಸ್ವಿಚ್ಚಿಗೆ ಬೀಗ ಹಾಕಿಸಿ, ಒಳಗೆ ಇಳಿಯುವವನ ಕೈಗೇ ಅದರ ಕೀಲಿ ಕೊಡುತ್ತೇನೆ. ಅವನೆದುರಿಗೇ ಒಮ್ಮೆ ಸ್ಟಾರ್ಟ್ ಬಟನ್ ಒತ್ತಿ, ಮೋಟಾರು ತಿರುಗುವುದಿಲ್ಲವೆಂದು ತೋರಿಸುತ್ತೇನೆ.

ಅಳತೆಯನ್ನು ಹೇಗೆ ಮಾಡಬೇಕೆಂಬುದನ್ನು ಒಂದು ಉದಾಹರಣೆಯಿಂದ ಹೇಳುತ್ತೇನೆ. ನಮ್ಮ ತ್ಯಾಜ್ಯನೀರು ಸಂಸ್ಕರಣಾ ಘಟಕದ ಟ್ಯಾಂಕೊಂದರಲ್ಲಿ ಕೆಸರು ತೆಗೆಯಬೇಕಾಗಿತ್ತು. ರಾತ್ರಿಯಿಡೀ ಬ್ಲೋವರ್ ಓಡಿತ್ತು, ಕಾಂಟ್ರಾಕ್ಟರನ ಹುಡುಗರು ಬೂಟು ಹಾಕಿಕೊಂಡು ಸಿದ್ಧರಾಗಿದ್ದರು. ಪಂಪಿರುವ ನಾಲ್ಕು ಅನಿಲಗಳ ಮೀಟರಿನ ನಳಿಕೆಯನ್ನು ಟ್ಯಾಂಕಿನ ಬಾಯಿಯಿಂದ ಒಳಗೆ ಬಿಟ್ಟಾಗ ಆಮ್ಲಜನಕ ಶೇ 20.9, ವಿಷಾನಿಲವಾದ ಹೈಡ್ರೋಜನ್ ಸಲ್ಫೈಡ್ ಸೊನ್ನೆ. ಮಧ್ಯಕ್ಕೆ ಇಳಿಸಿದಾಗ ಹೈಡ್ರೋಜನ್ ಸಲ್ಫೈಡ್ 4 ಪಿಪಿಎಂ, ಅಂದರೆ ಗಾಳಿಯ ಹತ್ತು ಲಕ್ಷ ಭಾಗದಲ್ಲಿ ನಾಲ್ಕು ಭಾಗ. ತಳದ ಕೆಸರಿಗೆ ಒಂದು ಗೇಣು ಮೇಲೆ ಹಿಡಿದು, ಅಷ್ಟುದ್ದ ನಳಿಕೆಯ ಗಾಳಿ ಮೀಟರಿಗೆ ತಲಪುವವರೆಗೆ ಕಾದಾಗ ಅಂಕಿ 38ಕ್ಕೆ ಏರಿ ಅಲಾರಂ ಕೂಗಿತು. ಈ ಅನಿಲ ಗಾಳಿಗಿಂತ ಭಾರವಾದುದರಿಂದ ತಳದಲ್ಲಿ ನಿಲ್ಲುತ್ತದೆ. ಕೊಳೆತ ಮೊಟ್ಟೆಯ ವಾಸನೆಯಿಂದ ಅದನ್ನು ಗುರುತಿಸುತ್ತೇವೆಂದು ಅನುಭವಿ ಕೆಲಸಗಾರರು ಹೇಳುತ್ತಾರೆ. ಆದರೆ 100 ಪಿಪಿಎಂ ಹೊತ್ತಿಗೆ ಅದು ವಾಸನೆ ಹಿಡಿಯುವ ಶಕ್ತಿಯನ್ನೇ ಕೊಂದುಬಿಡುತ್ತದೆ, ವಾಸನೆ ಹೋಯಿತೆಂದು ಧೈರ್ಯ ಬರುವುದು ಆಗಲೇ.

ಆ ದಿನ ಪರ್ಮಿಟ್ ಬರೆಯಲಿಲ್ಲ. ಬ್ಲೋವರಿನ ಡಕ್ಟನ್ನು ತಳದವರೆಗೆ ಇಳಿಸಿ, ಕೆಸರನ್ನು ಮೇಲಿನಿಂದಲೇ ನೀರಿನ ಜೆಟ್ಟಿನಿಂದ ಕಲಕಿ, ಪಂಪಿನಿಂದ ಆದಷ್ಟನ್ನು ಎತ್ತಿಸಿದೆವು. ಕೆಸರನ್ನು ಅಲುಗಾಡಿಸಿದಾಗ ಅದರೊಳಗೆ ಸಿಕ್ಕಿಕೊಂಡಿದ್ದ ಅನಿಲ ಒಮ್ಮೆಗೇ ಹೊರಬರುತ್ತದೆ. ಹಾಗಾಗಿ ಬೆಳಗಿನ ಅಳತೆ ಚೆನ್ನಾಗಿತ್ತೆಂದು ಮಧ್ಯಾಹ್ನ ಇಳಿಯುವಂತಿಲ್ಲ. ಊಟದ ವಿರಾಮವಾದರೆ ನಮ್ಮಲ್ಲಿ ಪರ್ಮಿಟ್ ರದ್ದಾಗುತ್ತದೆ, ಹೊಸದಾಗಿ ಅಳೆಯಬೇಕು. ಕೆಲಸ ನಡೆಯುವಷ್ಟು ಹೊತ್ತೂ ಒಳಗಿರುವವನ ಎದೆಯ ಮೇಲೆ ಒಂದು ಮೀಟರು ಓಡುತ್ತಿರಬೇಕು. ಆಮ್ಲಜನಕ ಶೇ 19.5ಕ್ಕಿಂತ ಕಡಿಮೆಯಾದರೆ, ಶೇ 23.5 ಮೀರಿದರೆ ಅಥವಾ ಹೈಡ್ರೋಜನ್ ಸಲ್ಫೈಡ್ 10 ಪಿಪಿಎಂ ಮುಟ್ಟಿದರೆ ಯಾರನ್ನೂ ಕೇಳದೆ ಹೊರಬರಬೇಕು. ಮೂಗಿಗೆ ಕಟ್ಟುವ ಮಾಸ್ಕು ಆಮ್ಲಜನಕವನ್ನು ತಂದುಕೊಡುವುದಿಲ್ಲ ಎಂಬುದನ್ನು ಪ್ರತಿ ಸಲವೂ ಹೇಳುತ್ತೇನೆ. ದೀಪದ ವಿಷಯದಲ್ಲಿ 1948ರ ಕಾಯ್ದೆಯೇ ಸ್ಪಷ್ಟವಾಗಿತ್ತು: ಸಾಕಷ್ಟು ಸುರಕ್ಷತಾ ಸಾಧನವಿಲ್ಲದೆ ಇಂಥ ಜಾಗದೊಳಗೆ 24 ವೋಲ್ಟ್ ಮೀರಿದ ಕೈದೀಪ ಕೂಡದು ಎಂದಿತ್ತು.

ನಿಯಮ ಪಾಲನೆಗೆ ನಿಜವಾದ ಅಡ್ಡಿ ಬರುವುದು ಡೆಲಿವರಿ ದಿನಾಂಕದಿಂದ. ಉತ್ಪಾದನಾ ವಿಭಾಗದವರು ಕೆಟ್ಟವರಲ್ಲ, ಅವರ ಮೇಲೂ ಒತ್ತಡವಿದೆ. ಅದಕ್ಕಾಗಿ ಟ್ಯಾಂಕು ತೊಳೆಯುವ ದಿನಗಳನ್ನು ತಿಂಗಳ ಉತ್ಪಾದನಾ ಯೋಜನೆಯಲ್ಲೇ ಬರೆಸಿದೆ. ಆಮೇಲೆ ‘ಅರ್ಧ ಗಂಟೆಯಲ್ಲಿ ಮುಗಿಸಿಬಿಡಿ’ ಎಂಬ ಮಾತು ಕಡಿಮೆಯಾಯಿತು. ಭೋಪಾಲ್ ದುರಂತದ ಬಳಿಕ, 1987ರ ತಿದ್ದುಪಡಿಯಿಂದ ಅದೇ ಕಾಯ್ದೆಗೆ ಬಂದ 41ಎಚ್ ಕಲಂ ಅಪಾಯಕಾರಿ ಪ್ರಕ್ರಿಯೆಗಳಲ್ಲಿ ದುಡಿಯುವವರಿಗೆ ಸನ್ನಿಹಿತ ಅಪಾಯವನ್ನು ಮಾಲೀಕರಿಗೂ ನಿರೀಕ್ಷಕರಿಗೂ ತಿಳಿಸುವ ಹಕ್ಕನ್ನು ಕೊಟ್ಟಿತು. ಅದನ್ನು ಕನ್ನಡ, ಹಿಂದಿ, ತುಳುವಿನಲ್ಲಿ ಓದಿ ಹೇಳುತ್ತಿದ್ದೆ, ಮುಖ್ಯವಾಗಿ ಗುತ್ತಿಗೆ ಕಾರ್ಮಿಕರಿಗೆ. ‘ಬೇಡ ಎಂದರೆ ನಾಳೆ ಕೆಲಸಕ್ಕೆ ಕರೆಯುತ್ತಾರಾ ಸರ್?’ ಎಂದು ಒಬ್ಬ ಕೇಳಿದ. ಆ ಪ್ರಶ್ನೆಗೆ ಕಾಯ್ದೆಯನ್ನು ಓದಿದರೆ ಸಾಲದು. ಹಾಗೆ ನಿರಾಕರಿಸಿದವನ ಹಾಜರಿಯನ್ನು ಪೂರ್ತಿ ಹಾಕಬೇಕೆಂದು ಕಾಂಟ್ರಾಕ್ಟರನಿಂದ ಬರೆಸಿಕೊಂಡೆ.

ಮ್ಯಾನ್‌ಹೋಲಿನ ಹೊರಗೆ ಕಾವಲು ನಿಲ್ಲುವವನಿಗೆ ಬೇರೆ ಯಾವ ಕೆಲಸವನ್ನೂ ಹೇಳಬಾರದು, ಸ್ಪ್ಯಾನರ್ ತರುವುದಕ್ಕೂ ಕಳಿಸಬಾರದು. ಒಳಗಿರುವವನು ಬಿದ್ದರೆ ಇಳಿಯದೆ ಇರುವುದನ್ನು ಅವನಿಗೆ ಕಲಿಸುವುದೇ ಎಲ್ಲಕ್ಕಿಂತ ಕಷ್ಟ. ಜೊತೆಗಾರ ಕಣ್ಣೆದುರು ಕುಸಿದಾಗ ಮನುಷ್ಯನ ಕಾಲು ಏಣಿಯ ಕಡೆಗೇ ಹೋಗುತ್ತದೆ, ಅದನ್ನು ಬೈದು ತಡೆಯಲಾಗದು. ಅದಕ್ಕೆ ಮ್ಯಾನ್‌ಹೋಲಿನ ಮೇಲೆ ಮುಕ್ಕಾಲಿ ನಿಲ್ಲಿಸಿ, ಒಳಗಿರುವವನು ಮೈಗೆ ಕಟ್ಟಿಕೊಂಡ ಪಟ್ಟಿಗಳ ಹಾರ್ನೆಸ್ಸನ್ನು ಅದರ ವಿಂಚಿಗೆ (ಹಿಡಿಕೆ ತಿರುಗಿಸಿ ಎತ್ತುವ ರಾಟೆಗೆ) ಮೊದಲೇ ಸಿಕ್ಕಿಸಿರುತ್ತೇವೆ. ಕಾವಲಿನವನು ಅಲಾರಂ ಒತ್ತಿ ಹಿಡಿಕೆ ತಿರುಗಿಸಬೇಕು. ಮನುಷ್ಯನ ತೂಕದ ಮರಳು ಚೀಲವನ್ನು ಹಾರ್ನೆಸ್ಸಿನಲ್ಲಿ ಕಟ್ಟಿ ಇಳಿಸಿ, ಪ್ರತಿಯೊಬ್ಬ ಕಾವಲಿನವನಿಂದಲೂ ಅದನ್ನು ಎತ್ತಿಸುತ್ತೇನೆ, ರಾತ್ರಿ ಪಾಳಿಯಲ್ಲಿಯೂ. ಎತ್ತಲು ಬಾರದವನ ಹೆಸರನ್ನು ಪರ್ಮಿಟ್‌ನ ಕಾವಲಿನ ಕಾಲಮ್ಮಿನಲ್ಲಿ ಬರೆಯುವುದಿಲ್ಲ.